ಡಿಜಿಟಲ್ ಆಂಗಲ್ ಫೈಂಡರ್ ರಿವ್ಯೂ: ಕೋನ ಅದು ತೋರಿಸತ್ತೆ, ಲೆಕ್ಕ ನಾವೇ ಹಾಕ್ಬೇಕು

ಐದಕ್ಕೆ ಮೂರು ಸ್ಟಾರ್. ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಕೆಳಗೆ ಬರೆದಿರೋದು ಸ್ವಲ್ಪ ಉದ್ದ ಆಯ್ತು, ಪೂರ್ತಿ ಓದೋಕೆ ಎಲ್ರಿಗೂ ಪುರುಸೊತ್ತು ಇರಲ್ಲ. ಬ್ರಾಂಡ್ ಹೆಸರು ಹೇಳಲ್ಲ, ಇದೇ ಮಾಲು ಹತ್ತು ಹೆಸರಲ್ಲಿ ಸಿಗತ್ತೆ, ಮೇಲಿನ ಸ್ಟಿಕ್ಕರ್ ಮಾತ್ರ ಬೇರೆ. ಎರಡು ಸ್ಟೀಲ್ ಪಟ್ಟಿ, ಒಂದೊಂದೂ 200 ಮಿಮೀ, ಕತ್ತರಿ ಥರ ಒಂದು ಕೀಲಿಗೆ ಸೇರ್ಕೊಂಡಿರತ್ತೆ, ಕೀಲಿನ ಹತ್ರ ಒಂದು ಚಿಕ್ಕ ಸ್ಕ್ರೀನು, ಪಟ್ಟಿ ಎಷ್ಟು ಬಿಚ್ಚಿದ್ರೆ ಅಷ್ಟು ಡಿಗ್ರಿ ತೋರಿಸತ್ತೆ, ದಶಮಾಂಶ ಒಂದು ಸ್ಥಾನದವರೆಗೆ. ಒಂದು ಆನ್ ಬಟನ್ನು, ಒಂದು ಝೀರೋ ಬಟನ್ನು, ಒಂದು ಲಾಕ್ ಸ್ಕ್ರೂ, ಬಟನ್ ಸೆಲ್ ಬ್ಯಾಟರಿ. ಅಷ್ಟೇ.

ನಾನು ಬಡಗಿ ಅಲ್ಲ. ರಜಾ ದಿನ ಗರಗಸ ಹಿಡ್ಕೊಳ್ಳೋ ಜಾತಿ. ಇದನ್ನ ತಗೊಂಡಿದ್ದು ಯಾಕೆ ಅಂದ್ರೆ ಮನೇಲಿ ಗೋಡೆ ಮೂಲೆಗೆ ಅಂಟ್ಕೊಂಡು ಮಲಗಿಸಿ ಹೊಡೆಯೋ 60 ಮಿಮೀ ಅಗಲದ ಪಟ್ಟಿ ಒಂದಿತ್ತು, ಎರಡೂ ಕಡೆ ನೀಟಾಗಿ 45ಕ್ಕೆ ಕೊಯ್ದು ಸೇರಿಸಿದ್ರೂ ಮೂಲೇಲಿ ಗ್ಯಾಪ್ ಬಾಯಿ ಬಿಟ್ಕೊಂಡು ನಿಂತಿತ್ತು. ಗರಗಸ ಸರಿ ಇಲ್ಲ ಅನ್ಕೊಂಡೆ, ಮರ ಬಗ್ಗಿದೆ ಅನ್ಕೊಂಡೆ, ಆಮೇಲೆ ಗೊತ್ತಾಯ್ತು ಗೋಡೇನೇ 90 ಡಿಗ್ರಿ ಇಲ್ಲ ಅಂತ. ಗೋಡೆಗಳು ಸಾಮಾನ್ಯವಾಗಿ 90 ಇರಲ್ಲ, ಪ್ಲಾಸ್ಟರ್ ಮೂಲೆ ಹತ್ರ ದಪ್ಪ ಆಗಿರತ್ತೆ. ಕಣ್ಣಿಗೆ ಕಾಣಲ್ಲ, ಪಟ್ಟಿ ಇಟ್ಟಾಗ ಕಾಣತ್ತೆ. ಸರಿ ಕೋನ ಅಳೆಯೋ ಯಂತ್ರ ತರೋಣ ಅಂತ ತಂದೆ.

ತಂದ ಮೇಲೆ ಮೊದಲು ಮಾಡಬೇಕಾದ ಕೆಲ್ಸ ಪರೀಕ್ಷೆ, ನಾನು ಮಾಡಿದ್ದು ಒಂದು ತಿಂಗಳಾದ ಮೇಲೆ, ಅದು ನನ್ನ ತಪ್ಪು. ಪರೀಕ್ಷೆ ಹೀಗೆ: ಸ್ಕ್ರೀನಲ್ಲಿ 60.0 ಬರೋ ಹಾಗೆ ಬಿಚ್ಚಿ ಲಾಕ್ ಮಾಡಿ ಪ್ಲೈವುಡ್ ಮೇಲಿಟ್ಟು ಎರಡೂ ಪಟ್ಟಿ ಪಕ್ಕ ಪೆನ್ಸಿಲ್ ಗೆರೆ ಹಾಕಿ, ಆಮೇಲೆ ಉದ್ದದ ಮಟ್ಟಗೋಲು ಇಟ್ಟು ಎರಡೂ ಗೆರೇನ ಅವು ಸೇರೋ ಬಿಂದುವಿನಿಂದ ಸರಿಯಾಗಿ 1000 ಮಿಮೀ ವರೆಗೆ ಎಳೀರಿ. ಈಗ ಎರಡು ತುದಿಗಳ ಮಧ್ಯೆ ಟೇಪ್ ಹಿಡೀರಿ. 60 ಡಿಗ್ರಿ ನಿಜವಾಗ್ಲೂ 60 ಆಗಿದ್ರೆ ಅದೂ 1000 ಬರ್ಬೇಕು, ಮೂರೂ ಬದಿ ಸಮ ಇರೋ ತ್ರಿಭುಜ ಅಲ್ವಾ. ನಂಗೆ ಬಂದಿದ್ದು 1005. ಅಂದ್ರೆ ಸ್ಕ್ರೀನು 60.0 ಅಂತಿದ್ರೂ ಅಸಲಿ ಕೋನ 60.3. ಡಬ್ಬಿ ಮೇಲೆ ಪ್ಲಸ್ ಆರ್ ಮೈನಸ್ 0.2 ಅಂತ ಬರೆದಿತ್ತು.

ಸುಳ್ಳು ಬರೆದಿದಾರೆ ಅಂತ ಬೈಯೋಕೆ ಹೋಗಿ ನಿಂತೆ. ಯಾಕಂದ್ರೆ ಲಾಕ್ ಸ್ಕ್ರೂ ಸಡಿಲ ಬಿಟ್ಟು ನೋಡಿದ್ರೆ 60.0, ಸ್ಕ್ರೂ ಬಿಗಿ ಮಾಡ್ತಾ ಇದ್ದ ಹಾಗೆ ಪಟ್ಟಿ ಸ್ವಲ್ಪ ಜಾರಿ ಹೋಗತ್ತೆ, ಕೆಲವು ಸಲ ಸ್ಕ್ರೀನಿಗೆ ಅದು ಗೊತ್ತಾಗತ್ತೆ, ಕೆಲವು ಸಲ ಗೊತ್ತೇ ಆಗಲ್ಲ. ಕೀಲಲ್ಲಿ ಆಟ ಇದೆ, ಸಡಿಲ ಇದೆ ಅಂತ ಅರ್ಥ. ಒಂದು ಸ್ಟಾರ್ ಇಲ್ಲಿ ಹೋಯ್ತು. ಇನ್ನೊಂದು ಸ್ಟಾರ್ ಬ್ಯಾಟರಿಗೆ, ಆಫ್ ಮಾಡಿಟ್ರೂ ಕುಡೀತಾನೇ ಇರತ್ತೆ, ಎರಡು ತಿಂಗಳು ಡಬ್ಬೀಲಿಟ್ಟು ತೆಗೆದ್ರೆ ಸ್ಕ್ರೀನ್ ಖಾಲಿ.

ಮೂಲೆ ವಿಷಯಕ್ಕೆ ಬರ್ತೀನಿ. ಆಂಗಲ್ ಫೈಂಡರ್ ಮೂಲೆಗೆ ಒತ್ತಿ ಹಿಡಿದ್ರೆ ಒಂದ್ಸಲ 91.2 ತೋರಿಸತ್ತೆ, ಒಂದಿಂಚು ಮೇಲೆ ಸರಿಸಿದ್ರೆ 92.6, ಕೆಳಗೆ ಹಿಡಿದ್ರೆ 90.9. ಯಂತ್ರ ಕೆಟ್ಟಿಲ್ಲ, ಗೋಡೇನೇ ಹಾಗಿದೆ, 200 ಮಿಮೀ ಪಟ್ಟಿಗೆ ಪ್ಲಾಸ್ಟರಿನ ಒಂದು ಉಬ್ಬು ಸಿಕ್ಕಿದ್ರೆ ಸಾಕು, ಒಂದು ಮಿಮೀ ಉಬ್ಬು ಅದನ್ನ ಕಾಲು ಡಿಗ್ರಿಗಿಂತ ಜಾಸ್ತೀನೇ ತಿರುಗಿಸ್ಬಿಡತ್ತೆ. ನಮಗೆ ಬೇಕಾಗಿರೋದು ಉಬ್ಬಿನ ಕೋನ ಅಲ್ಲ, ಗೋಡೆ ಒಟ್ಟಾರೆ ಯಾವ ಕಡೆ ಹೋಗ್ತಿದೆ ಅನ್ನೋದು.

ಅದಕ್ಕೆ ಟೇಪು ಸಾಕು. ಮೂಲೆಯಿಂದ ಈ ಗೋಡೆ ಮೇಲೆ 600 ಮಿಮೀಗೆ ಒಂದು ಗುರುತು, ಆ ಗೋಡೆ ಮೇಲೆ 600ಕ್ಕೆ ಒಂದು ಗುರುತು, ಎರಡು ಗುರುತಿನ ಮಧ್ಯೆ ಅಡ್ಡಕ್ಕೆ ಅಳೀರಿ. ಸರಿಯಾದ 90 ಆಗಿದ್ರೆ 848 ಮತ್ತೆ ಅರ್ಧ ಬರ್ಬೇಕು. ನಂಗೆ 862 ಬಂತು. ಈಗ 862ನ 1200ರಿಂದ ಭಾಗಿಸಿ, 0.7183. ಸೈಂಟಿಫಿಕ್ ಕ್ಯಾಲ್ಕುಲೇಟರಲ್ಲಿ ಶಿಫ್ಟ್ ಒತ್ತಿ ಸೈನ್ ಒತ್ತಿದ್ರೆ 45.9 ಬರತ್ತೆ, ಎರಡರಿಂದ ಗುಣಿಸಿದ್ರೆ 91.8 ಡಿಗ್ರಿ. ಅಷ್ಟೇ ಕೆಲ್ಸ. ಯಾಕೆ ಹೀಗೆ ಅಂದ್ರೆ ಎರಡೂ ಬದಿ 600 ಇರೋ ತ್ರಿಭುಜನ ಮಧ್ಯಕ್ಕೆ ಸೀಳಿದ್ರೆ ಎರಡು ಲಂಬಕೋನ ತ್ರಿಭುಜ ಸಿಗತ್ತೆ, ಒಂದೊಂದಕ್ಕೂ ವಿಕರ್ಣ 600, ಎದುರು ಬದಿ 431, ಎದುರು ಬದಿ ಭಾಗಿಸು ವಿಕರ್ಣ ಅಂದ್ರೆ ಸೈನ್, ಹೈಸ್ಕೂಲಲ್ಲಿ ಬೈಸ್ಕೊಂಡು ಕಲ್ತಿದ್ದೇ. ಟೇಪ್ ಹಿಡಿಯೋದ್ರಲ್ಲಿ ಒಂದು ಮಿಮೀ ಹೆಚ್ಚುಕಮ್ಮಿ ಆದ್ರೂ ಉತ್ತರ ಬದಲಾಗೋದು 0.14 ಡಿಗ್ರಿ ಮಾತ್ರ. ಅಂದ್ರೆ ಡಬ್ಬಿ ಮೇಲೆ ಬರೆದ 0.2ಗಿಂತ ನನ್ನ ಹಳೇ ಟೇಪೇ ವಾಸಿ!

ಇಲ್ಲೊಂದು ಮಜಾ ಇದೆ. ಈ ಅಡ್ಡಗೆರೆಗೆ ನಮ್ಮ ಹಳೇ ಗಣಿತದಲ್ಲಿ ಜ್ಯಾ ಅಂತ ಹೆಸರು, ಬಿಲ್ಲಿನ ಹೆದೆ ಅಂತ ಅರ್ಥ, ಅದರ ಅರ್ಧಕ್ಕೆ ಅರ್ಧಜ್ಯಾ. ಆರ್ಯಭಟ 1500 ವರ್ಷದ ಹಿಂದೆ ಮೂರು ಮುಕ್ಕಾಲು ಡಿಗ್ರಿಗೆ ಒಂದರಂತೆ 24 ಅರ್ಧಜ್ಯಾಗಳ ಲೆಕ್ಕ ಕೊಟ್ಟಿದ್ದ. ಆ ಜ್ಯಾ ಜೀವಾ ಆಗಿ, ಅರಬ್ಬಿಗೆ ಹೋಗಿ, ಅಲ್ಲಿ ಅದನ್ನ ಜೈಬ್ ಅಂತ ತಪ್ಪಾಗಿ ಓದ್ಕೊಂಡು, ಜೈಬ್ ಅಂದ್ರೆ ಬಟ್ಟೆ ಮಡಿಕೆ ಅಂತ ಲ್ಯಾಟಿನ್ನಲ್ಲಿ ಸೈನಸ್ ಮಾಡಿ, ಕೊನೆಗೆ ಕ್ಯಾಲ್ಕುಲೇಟರ್ ಬಟನ್ ಮೇಲೆ ಸೈನ್ ಆಗಿ ಕೂತಿದೆ. ಗೋಡೆ ಮೂಲೆಗೆ ಟೇಪ್ ಅಡ್ಡ ಹಿಡಿದಾಗ ನಾವು ಹಿಡಿದಿರೋದು ಅದೇ ಹೆದೆ. ಶಾಲೇಲಿ ಇದನ್ನ ಗೋಡೆ ತೋರಿಸಿ ಹೇಳಿದ್ರೆ ನಂಗೆ ಇನ್ನೂ ನಾಲ್ಕು ಮಾರ್ಕ್ಸ್ ಬರ್ತಿತ್ತೇನೋ.

ಇರ್ಲಿ. 91.8 ಸಿಕ್ತು, ಅರ್ಧ ಮಾಡಿದ್ರೆ 45.9, ಗರಗಸನ 45.9ಕ್ಕೆ ಸೆಟ್ ಮಾಡಿ ಎರಡೂ ಪಟ್ಟಿ ಕೊಯ್ದೆ. ಗ್ಯಾಪ್ ಕಮ್ಮಿ ಆಗೋ ಬದ್ಲು ಡಬಲ್ ಆಯ್ತು!! ತಲೆ ಕೆಟ್ಟು ಹೋಯ್ತು ನಂಗೆ. ಅರ್ಧ ಗಂಟೆ ಕೂತು ಚಿತ್ರ ಬರೆದ ಮೇಲೆ ಹೊಳೀತು, ಮೈಟರ್ ಗರಗಸದಲ್ಲಿ, ಅಂದ್ರೆ ಕೋನ ಸೆಟ್ ಮಾಡಿ ಕೊಯ್ಯೋ ಗರಗಸದಲ್ಲಿ, ಸೊನ್ನೆ ಅಂದ್ರೆ ನೇರ ಅಡ್ಡ ಕೊಯ್ಯೋದು, ಅದು ಕೋನ ಎಣಿಸೋದು ಅಡ್ಡಗೆರೆಯಿಂದ, ನಾನು ಎಣಿಸಿದ್ದು ಪಟ್ಟಿ ಅಂಚಿಂದ. ಹಾಗಾಗಿ 90ರಲ್ಲಿ 45.9 ಕಳೆದು 44.1ಕ್ಕೆ ಇಡ್ಬೇಕು. ನಾನು 45.9ಕ್ಕೆ ಇಟ್ಟಾಗ ಎರಡು ಪಟ್ಟಿ ಸೇರಿ 88.2 ಡಿಗ್ರಿ ಮೂಲೆ ಆಯ್ತು, ಗೋಡೆ 91.8, ಮಧ್ಯೆ 3.6 ಡಿಗ್ರಿ ಬಾಯಿ, ಆ ಅಗಲಕ್ಕೆ ಹೆಚ್ಚುಕಮ್ಮಿ 5 ಮಿಮೀ ಸಂದು. ಸುಮ್ನೆ 45ಕ್ಕೇ ಬಿಟ್ಟಿದ್ರೆ ಅದರ ಅರ್ಧ ಇರ್ತಿತ್ತು. ಮೂಲೆ ಸರಿಯಾಗಿ 90 ಇದ್ರೆ ಎರಡು ಕಡೆಯಿಂದ ಎಣಿಸಿದ್ರೂ 45ಏ, ಅದಕ್ಕೇ ಈ ತಪ್ಪು ಅಲ್ಲೀವರೆಗೂ ಯಾವತ್ತೂ ಹೊರಗೆ ಬಂದಿರ್ಲಿಲ್ಲ. ಫೈಂಡರ್ ಜೊತೆ ಬಂದ ಕಾಗದದಲ್ಲಿ ಈ ಒಂದು ಮಾತು ಇದ್ದಿದ್ರೆ ನಂಗೆ ಎರಡು ಪಟ್ಟಿ ಉಳೀತಿತ್ತು, ಆದ್ರೆ ಅದ್ರಲ್ಲಿ ಇರೋದು ಬ್ಯಾಟರಿ ಹಾಕೋದು ಹೇಗೆ, ಮಕ್ಕಳಿಂದ ದೂರ ಇಡಿ, ಅಷ್ಟೇ.

ಈ ಯಂತ್ರ ಎಲ್ಲಿ ಸರಿ ಎಲ್ಲಿ ಸರಿ ಇಲ್ಲ ಅನ್ನೋದನ್ನ ಒಂದೇ ಸಂಖ್ಯೇಲಿ ಹೇಳ್ಬೋದು. ಒಂದು ಡಿಗ್ರಿ ಅಂದ್ರೆ ಒಂದು ಮೀಟರಿಗೆ ಹದಿನೇಳೂವರೆ ಮಿಮೀ. ಟ್ಯಾನ್ 1 ಅಂತ ಒತ್ತಿದ್ರೆ 0.01746 ಬರತ್ತಲ್ಲ, ಅದೇ. ಹಾಗಾದ್ರೆ 0.2 ಡಿಗ್ರಿ ತಪ್ಪಾದ್ರೆ 60 ಮಿಮೀ ಪಟ್ಟೀಲಿ ಒಂದು ಮಿಮೀಯ ಐದನೇ ಒಂದು ಭಾಗ, ಗಮ್ಮು ಮರದ ಪುಡಿ ಕಲಸಿ ತುಂಬಿದ್ರೆ ದೇವ್ರಿಗೂ ಗೊತ್ತಾಗಲ್ಲ. ಅದೇ 0.2 ಡಿಗ್ರಿ ಒಂದು ಮೀಟರ್ ಹಲಗೇಲಿ ಮೂರೂವರೆ ಮಿಮೀ, ಅಂದ್ರೆ ಒಂದು ನೂಲಿಗಿಂತ (ಇಂಚಿನ ಎಂಟನೇ ಒಂದು ಭಾಗ) ಜಾಸ್ತಿ. ಬಾಗಿಲು ಹಾಕೋಕೆ ಆಗಲ್ಲ. ಕೆಲ್ಸ ಚಿಕ್ಕದಾದ್ರೆ ಕೋನ ಅಳೀಬೋದು, ಕೆಲ್ಸ ದೊಡ್ಡದಾದ್ರೆ ಕೋನನ ಮುಟ್ಲೇಬಾರ್ದು, ಉದ್ದ ಅಳೆದು ಕೋನನ ಲೆಕ್ಕದಿಂದ ತೆಗೀಬೇಕು. ಬೇಕಾದ್ರೆ.

ಬೇಕಾದ್ರೆ ಅಂದೆ, ಯಾಕಂದ್ರೆ ಎಷ್ಟೋ ಸಲ ಕೋನ ಬೇಕೇ ಇರಲ್ಲ. ಇದು ನಂಗೆ ಅರ್ಥ ಆಗಿದ್ದು ಮೆಟ್ಟಿಲು ಕೆಳಗಿನ ಕಪಾಟು ಮಾಡುವಾಗ.

ಮೆಟ್ಟಿಲು ಕೆಳಗೆ ಇಳಿಜಾರು ಸೂರು ಇರತ್ತಲ್ಲ, ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಫೈಂಡರ್ ಹಿಡಿದು ನೋಡಿದೆ, 35.4 ಅಂತು. ಸರಿ ಅಂತ ಕಪಾಟಿನ ಅಗಲ 1200, ಅದಕ್ಕೆ ಟ್ಯಾನ್ 35.4 ಗುಣಿಸಿದ್ರೆ 853 ಮಿಮೀ ಇಳಿತ. ಆಮೇಲೆ ಯಾಕೋ ಅನುಮಾನ ಬಂದು ನೆಲದಿಂದ ಎರಡೂ ಕಡೆ ತೂಗುಗುಂಡು ಬಿಟ್ಟು ಅಳೆದೆ, ಎತ್ತರದ ಕಡೆ 1460, ತಗ್ಗಿನ ಕಡೆ 620, ವ್ಯತ್ಯಾಸ 840. ಹದಿಮೂರು ಮಿಮೀ ತಪ್ಪು, ಬರೀ 0.4 ಡಿಗ್ರಿಗೆ. 840 ಭಾಗಿಸು 1200, 0.7, ಶಿಫ್ಟ್ ಟ್ಯಾನ್, 35.0 ಡಿಗ್ರಿ. ಮೇಲಿನ ಓರೆ ಹಲಗೆ ಉದ್ದ ಬೇಕಿದ್ರೆ ಎರಡೂ ವರ್ಗ ಕೂಡಿಸಿ ವರ್ಗಮೂಲ, 1465. ಇಲ್ಲಿ ಅಸಲಿ ಮಾಲು ಆ 0.7. ಅದನ್ನ ಪೆನ್ಸಿಲಲ್ಲಿ ಗೋಡೆ ಮೇಲೇ ಬರ್ಕೊಂಡೆ, ಮುಂದಿನ ಪೂರ್ತಿ ಕಪಾಟು ಅದೊಂದೇ ನಂಬರಲ್ಲಿ ಆಯ್ತು.

ಹೇಗೆ ಅಂದ್ರೆ ಒಳಗಿನ ಶೆಲ್ಫುಗಳು ಒಂದೊಂದೂ ಒಂದೊಂದು ಉದ್ದ ಇರ್ಬೇಕು, ಮೇಲೆ ಹೋದ ಹಾಗೆ ಗಿಡ್ಡ ಆಗ್ತಾ ಹೋಗತ್ತೆ. ನೆಲದಿಂದ 800 ಎತ್ತರದಲ್ಲಿ ಒಂದು ಶೆಲ್ಫು ಅಂದ್ರೆ 1460ರಲ್ಲಿ 800 ಕಳೆದು 660, ಅದನ್ನ 0.7ರಿಂದ ಭಾಗಿಸಿದ್ರೆ 943. ಕೊಯ್ದೆ. ಹಿಡಿಸ್ಲಿಲ್ಲ! ಸೂರಿಗೆ ಒದ್ದು ನಿಂತು ಬಿಡ್ತು. ಲೆಕ್ಕ ಮೂರು ಸಲ ಮಾಡ್ದೆ, ಅದೇ 943. ಆಮೇಲೆ ಕಾಣಿಸ್ತು, ಹಲಗೆ ಗೆರೆ ಅಲ್ಲ, ಅದಕ್ಕೆ 18 ಮಿಮೀ ದಪ್ಪ ಇದೆ. ನಾನು ಲೆಕ್ಕ ಹಾಕಿದ್ದು ಕೆಳಮೈಗೆ, ಸೂರಿಗೆ ಮೊದಲು ತಾಗೋದು ಮೇಲ್ಮೈನ ಅಂಚು, ಅದು 818ರಲ್ಲಿದೆ. 18 ಭಾಗಿಸು 0.7, ಸುಮಾರು 26 ಮಿಮೀ. ಅಷ್ಟು ಗಿಡ್ಡ ಮಾಡಿ 917ಕ್ಕೆ ಕೊಯ್ದ ಮೇಲೆ ಬೆಣ್ಣೆ ಥರ ಕೂತ್ಕೊಳ್ತು. ಪುಸ್ತಕದ ತ್ರಿಭುಜಕ್ಕೆ ದಪ್ಪ ಇರಲ್ಲ, ಪ್ಲೈವುಡ್ಡಿಗೆ ಇರತ್ತೆ. ಲೆಕ್ಕ ಸರಿ ಇದ್ದೂ ಹಲಗೆ ಹಾಳಾಗೋದು ಹೆಚ್ಚಾಗಿ ಈ ದಪ್ಪದಿಂದ, ಗರಗಸದ ಹಲ್ಲಿನ ಅಗಲದಿಂದ, ಗೆರೆಯ ಯಾವ ಪಕ್ಕ ಕೊಯ್ತೀವಿ ಅನ್ನೋದ್ರಿಂದ.

ಕೆಲವರು ಕೇಳ್ಬೋದು, ಶೆಲ್ಫಿನ ತುದೀನೂ ಸೂರಿನ ಓರೆಗೆ ಓರೆಯಾಗಿ ಕೊಯ್ದ್ರೆ ಆಗಲ್ವಾ ಅಂತ. ಆಗ್ಬೇಕು, ಆದ್ರೆ ಸೂರು 35 ಡಿಗ್ರಿ ಇದ್ರೆ ನೇರ ಕೊಯ್ತದಿಂದ ಬ್ಲೇಡ್ ಬಾಗಬೇಕಾಗಿರೋದು 55, ಸಾಮಾನ್ಯ ಗರಗಸಗಳು 45 ಆಸುಪಾಸಿಗೆ ನಿಂತು ಹೋಗತ್ತೆ. ನಾನು ನೇರ ಕೊಯ್ದು ಬಿಟ್ಟೆ, ಕೆಳಗೊಂದು ಸಂದು ಇದೆ, ಬಗ್ಗಿ ನೋಡಿದವರಿಗೆ ಮಾತ್ರ ಕಾಣತ್ತೆ, ಬಗ್ಗಿ ನೋಡೋರು ಯಾರೂ ಬಂದಿಲ್ಲ.

ಕ್ಯಾಲ್ಕುಲೇಟರ್ ಬಗ್ಗೆನೂ ಹೇಳ್ಬೇಕು, ಈ ರಿವ್ಯೂ ಅರ್ಧ ಅದರದ್ದೇ. ಸಾದಾ ಸೈಂಟಿಫಿಕ್ ಕ್ಯಾಲ್ಕುಲೇಟರ್, ಮನೇಲಿ ಓದೋ ಮಕ್ಕಳಿದ್ರೆ ಎಲ್ಲೋ ಒಂದು ಬಿದ್ದಿರತ್ತೆ, ಇಲ್ಲಾಂದ್ರೆ ಫೋನ್ ಅಡ್ಡ ತಿರುಗಿಸಿದ್ರೆ ಕೆಲವು ಫೋನಲ್ಲಿ ಬರತ್ತೆ. ಒಂದೇ ಒಂದು ಗುಂಡಿ ಅದ್ರಲ್ಲಿ ಬಾಂಬ್ ಥರ, ಡಿಗ್ರಿ ಮೋಡಾ ರೇಡಿಯನ್ ಮೋಡಾ ಅನ್ನೋದು, ರೇಡಿಯನ್ ಅಂದ್ರೆ ಕೋನ ಅಳೆಯೋ ಇನ್ನೊಂದು ಮಾನ. ಒಂದು ದಿನ ಮಗ ಹೋಮ್‌ವರ್ಕ್ ಮಾಡಿ ರೇಡಿಯನ್ನಲ್ಲಿ ಬಿಟ್ಟು ಹೋಗಿದ್ದ, ನಾನು ಟ್ಯಾನ್ 35 ಒತ್ತಿದೆ, 0.4738 ಅಂತು. ಅಸಂಬದ್ಧ ನಂಬರ್ ಬಂದಿದ್ರೆ ಅನುಮಾನ ಬರ್ತಿತ್ತು, ಇದು ನೋಡೋಕೆ ಸಭ್ಯವಾಗಿದೆ, ಸೊನ್ನೆಗೂ ಒಂದಕ್ಕೂ ಮಧ್ಯೆ, ಹೌದಪ್ಪ ಇರ್ಬೋದು ಅನ್ಸತ್ತೆ. ಸರಿಯಾದ್ದು 0.7002. 1200 ಅಗಲಕ್ಕೆ 840 ಇಳಿಬೇಕಾದ್ದು 569 ಬಂತು, ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ, ಪುಣ್ಯಕ್ಕೆ ಗೆರೆ ಹಾಕಿದ್ದೆ, ಕೊಯ್ದಿರ್ಲಿಲ್ಲ. ಅವತ್ತಿಂದ ಕ್ಯಾಲ್ಕುಲೇಟರ್ ಕೈಗೆ ತಗೊಂಡ ತಕ್ಷಣ ಮೊದಲು ಸೈನ್ 30 ಒತ್ತೋದು, 0.5 ಬಂದ್ರೆ ಮುಂದೆ ಹೋಗೋದು. ಮೈನಸ್ ಬಂದ್ರೆ ರೇಡಿಯನ್ನು, 0.454 ಬಂದ್ರೆ ಅದು ಗ್ರೇಡ್ ಅಂತ ಇನ್ನೊಂದು ಮೋಡು, ಲಂಬಕೋನನ 100 ಭಾಗ ಮಾಡೋದು, ಮರಗೆಲಸದಲ್ಲಿ ಅದನ್ನ ಬಳಸಿದವರನ್ನ ನಾನಂತೂ ನೋಡಿಲ್ಲ, ಆದ್ರೂ ಆ ಗುಂಡಿ ಕೈ ತಪ್ಪಿ ಒತ್ತಿ ಹೋಗತ್ತೆ.

ಫೈಂಡರ್ ನಿಜವಾಗ್ಲೂ ಕೈ ಹಿಡಿದಿದ್ದು ಸ್ಟೂಲ್ ಮಾಡುವಾಗ. ಕಾಲುಗಳು ಹೊರಗೆ ಚಾಚಿಕೊಂಡಿರೋ ಸ್ಟೂಲು, ಮುಂದೆ ನೋಡಿದ್ರೂ 10 ಡಿಗ್ರಿ ಓರೆ, ಪಕ್ಕದಿಂದ ನೋಡಿದ್ರೂ 10 ಡಿಗ್ರಿ ಓರೆ. ಸೀಟಿಗೆ ತೂತು ಕೊರೆಯೋಕೆ ಡ್ರಿಲ್ ಎಷ್ಟು ಬಗ್ಗಿಸ್ಬೇಕು? ಹತ್ತು ಅಂತೀರಾ, ಇಪ್ಪತ್ತು ಅಂತೀರಾ, ಎರಡೂ ಅಲ್ಲ. ಟ್ಯಾನ್ 10ನ ವರ್ಗ ಮಾಡಿ, ಎರಡು ಸಲ ಕೂಡಿಸಿ, ವರ್ಗಮೂಲ ತೆಗೆದು, ಶಿಫ್ಟ್ ಟ್ಯಾನ್ ಒತ್ತಿದ್ರೆ 14 ಡಿಗ್ರಿ ಬರತ್ತೆ, ಡ್ರಿಲ್ ಬಾಗಬೇಕಾಗಿರೋದು ಸೀಟಿನ ಮೂಲೆಯಿಂದ ಮೂಲೆಗೆ ಹೋಗೋ ಗೆರೆ ಉದ್ದಕ್ಕೆ. ಎರಡು ಓರೆ ಬೇರೆ ಬೇರೆ ಇದ್ರೂ ಇದೇ ದಾರಿ, ಬಾಗೋ ದಿಕ್ಕು ಮಾತ್ರ ಸರೀ 45ಕ್ಕೆ ಇರಲ್ಲ. ಫೈಂಡರನ್ನ 76ಕ್ಕೆ ಬಿಚ್ಚಿ, 90ರಲ್ಲಿ 14 ಹೋದ್ರೆ 76, ಒಂದು ಪಟ್ಟಿ ಆ ಗೆರೆ ಮೇಲೆ ಮಲಗಿಸಿ ಇನ್ನೊಂದು ಪಟ್ಟೀನ ಮೇಲಕ್ಕೆ ಎಬ್ಬಿಸಿ ನಿಲ್ಲಿಸಿ, ಡ್ರಿಲ್ ಬಿಟ್ಟನ್ನ ಅದಕ್ಕೆ ಸಮಾನಾಂತರ ಹಿಡಿದು ನಾಲ್ಕೂ ತೂತು ಕೊರೆದೆ. ಮಸ್ತ್ ಬಂತು. ಇಲ್ಲಿ ಟೇಪಿಂದ ಏನೂ ಆಗ್ತಿರ್ಲಿಲ್ಲ, ಇಂಥ ಕಡೆ ಕೋನನ ಕಣ್ಣೆದುರಿಗೆ ನಿಲ್ಲಿಸೋ ವಸ್ತುನೇ ಬೇಕು. ಹಳೇ ಕಾಲದ ಸ್ಕ್ರೂ ಹಾಕೋ ಬೆವೆಲ್ ಗೇಜೂ ಇದನ್ನ ಮಾಡತ್ತೆ, ಆದ್ರೆ ಅದ್ರಲ್ಲಿ ನಂಬರ್ ಇರಲ್ಲ, ಇದ್ರಲ್ಲಿ ಇದೆ. ಮೂರು ಸ್ಟಾರಲ್ಲಿ ಎರಡು ಈ ಸ್ಟೂಲಿಂದು.

ಕಾಲಿನ ಉದ್ದದಲ್ಲಿ ಮಾತ್ರ ಎಡವಿದೆ. ಸೀಟಿನ ಕೆಳಮೈ ನೆಲದಿಂದ 450 ಇರ್ಬೇಕು ಅಂತಿತ್ತು, 450 ಭಾಗಿಸು ಕಾಸ್ 10, 457 ಅಂತ ನಾಲ್ಕೂ ಕಾಲು ಕೊಯ್ದೆ. ಅಸಲಿ ಓರೆ 14 ಅಲ್ವಾ, ಕಾಸ್ 14ರಿಂದ ಭಾಗಿಸ್ಬೇಕಿತ್ತು, 464. ಆರೇಳು ಮಿಮೀ ಗಿಡ್ಡ ಸ್ಟೂಲು. ನಾಲ್ಕೂ ಕಾಲು ಒಂದೇ ಥರ ತಪ್ಪಾಗಿರೋದ್ರಿಂದ ಅಲ್ಲಾಡಲ್ಲ, ಯಾರಿಗೂ ಗೊತ್ತೂ ಆಗಿಲ್ಲ, ಈಗ ನಾನೇ ಹೇಳ್ಕೊಂಡೆ.

ಎಂಟು ಮೂಲೆ ಕನ್ನಡಿ ಫ್ರೇಮ್ ಮಾಡಿ ಕೈ ಸುಟ್ಕೊಂಡಿದ್ದೂ ಇದೆ. ಲೆಕ್ಕ ಸುಲಭ, ಒಂದು ಬದಿಯಿಂದ ಅದರ ಎದುರು ಬದಿಗೆ 600 ಮಿಮೀ ಬೇಕು ಅಂದ್ರೆ ಒಂದೊಂದು ಬದಿ 600 ಗುಣಿಸು ಟ್ಯಾನ್ 22.5, ಅಂದ್ರೆ 248 ಮತ್ತೆ ಅರ್ಧ, ಪ್ರತಿ ತುದಿ 22.5ಕ್ಕೆ ಕೊಯ್ಯೋದು. ಫೈಂಡರ್ ಇಟ್ಟು ಗರಗಸ ಸೆಟ್ ಮಾಡ್ದೆ, 0.2 ತಪ್ಪಿತ್ತು ಅನ್ಸತ್ತೆ. 0.2 ಏನ್ ಮಹಾ? ಎಂಟು ತುಂಡು, ಹದಿನಾರು ತುದಿ, ಹದಿನಾರು ಸಲ 0.2 ಅಂದ್ರೆ 3.2 ಡಿಗ್ರಿ, ಎಲ್ಲಾ ತಪ್ಪೂ ಒಂದೇ ದಿಕ್ಕಿಗೆ ಇರೋದ್ರಿಂದ ಪೂರ್ತಿ ಸಾಲ ಕೊನೇ ಜೋಡಣೆ ತಲೆ ಮೇಲೆ. ಏಳು ಮೂಲೆ ಮುದ್ದಾಗಿ ಸೇರಿ ಎಂಟನೇದು ಮೂರು ಮಿಮೀ ಬಾಯಿ ಬಿಟ್ಟಿತ್ತು. ಇದಕ್ಕೆ ಯಾವ ಫೈಂಡರೂ ಔಷಧಿ ಅಲ್ಲ. ನಾಲ್ಕು ನಾಲ್ಕು ತುಂಡು ಅಂಟಿಸಿ ಎರಡು ಅರ್ಧ ಮಾಡ್ಕೊಂಡು, ಒಂದೊಂದು ಅರ್ಧದ ಎರಡೂ ತುದಿ ಒಂದೇ ನೇರ ಗೆರೇಲಿ ಬರೋ ಹಾಗೆ ತೀಡಿ ಆಮೇಲೆ ಎರಡು ಅರ್ಧ ಸೇರಿಸ್ಬೇಕು, ತಪ್ಪೆಲ್ಲ ಆ ತೀಡೋದ್ರಲ್ಲಿ ಹೋಗತ್ತೆ. ಎರಡನೇ ಫ್ರೇಮ್ ಹಾಗೆ ಮಾಡ್ದೆ.

ಇನ್ನೊಂದು ವಿಷ್ಯ, ಇದಕ್ಕೂ ಫೈಂಡರಿಗೂ ಸಂಬಂಧ ಇಲ್ಲ, ಆದ್ರೂ ಹೇಳದೇ ಇರೋಕೆ ಆಗ್ತಿಲ್ಲ. ಎತ್ತರದ ಬೀರು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎಬ್ಬಿಸ್ತೀರಲ್ಲ, ಎಬ್ಬಿಸುವಾಗ ಅದು ತನ್ನ ಎತ್ತರದಷ್ಟು ಜಾಗ ಕೇಳಲ್ಲ, ವಿಕರ್ಣದಷ್ಟು ಕೇಳತ್ತೆ. 2350 ಎತ್ತರ 600 ಆಳದ ಬೀರು 2400 ಎತ್ತರದ ರೂಮಲ್ಲಿ ನಿಂತ ಮೇಲೆ ಆರಾಮಾಗಿ ಹಿಡಿಸತ್ತೆ, ಆದ್ರೆ ಎಬ್ಬಿಸೋಕೆ 2425 ಬೇಕು. ಅರ್ಧ ಎದ್ದು ಸೂರಿಗೆ ಸಿಕ್ಕಾಕ್ಕೊಂಡು ನಿಂತಾಗ ಕೆಳಗಿರೋರ ಮುಖ ನೋಡ್ಬೇಕು. 2400ರ ರೂಮಿಗೆ 600 ಆಳ ಇದ್ರೆ 2320ಕ್ಕಿಂತ ಎತ್ತರ ಮಾಡ್ಬೇಡಿ, ಇಲ್ಲಾ ನಿಲ್ಲಿಸಿಕೊಂಡೇ ಜೋಡಿಸಿ.

ಮೊಬೈಲ್ ಆಪ್ ಸಾಕಾಗಲ್ವಾ ಅಂದ್ರೆ, ನೆಲಕ್ಕೆ ಹೋಲಿಸಿ ಓರೆ ನೋಡೋಕೆ, ಇಳಿಜಾರು ಹಲಗೆ ಎಷ್ಟಿದೆ ಅಂತ ಅಂದಾಜಿಗೆ, ಪರ್ವಾಗಿಲ್ಲ. ಆದ್ರೆ ಗೋಡೆಗೂ ಗೋಡೆಗೂ ಮಧ್ಯದ ಕೋನ ಅದ್ರಿಂದ ಅಳೆಯೋಕೆ ಹೋಗ್ಬೇಡಿ, ಅದು ನೋಡೋದು ಗುರುತ್ವನ, ಎರಡು ಗೋಡೆನೂ ನೆಟ್ಟಗೆ ನಿಂತಿರೋದ್ರಿಂದ ಅದಕ್ಕೆ ಎರಡೂ ಒಂದೇ. ಫೋನಿನ ಅಂಚಿಗೆ ಕವರ್ ಇದ್ರಂತೂ ಕಥೆ ಮುಗೀತು.

ತಗೋಬೇಕಾ ಬೇಡ್ವಾ? ಸ್ಟೂಲು, ಕುರ್ಚಿ, ಓರೆ ಕಾಲಿನ ಟೇಬಲ್ಲು, ಚಿಕ್ಕ ಪೆಟ್ಟಿಗೆ ಇಂಥವು ಮಾಡೋರು ತಗೊಳ್ಳಿ, ಖಂಡಿತ ಉಪಯೋಗ ಆಗತ್ತೆ. ಕಪಾಟು, ಶೆಲ್ಫು, ಮೆಟ್ಟಿಲು ಕೆಳಗಿನ ಕೆಲಸ ಮಾಡೋರು ಆ ದುಡ್ಡಿಗೆ ಒಳ್ಳೆ ಟೇಪು, ತೂಗುಗುಂಡು, ಉದ್ದದ ನೇರ ಮಟ್ಟಗೋಲು ತಗೊಳ್ಳಿ, ಕ್ಯಾಲ್ಕುಲೇಟರ್ ಮನೇಲೇ ಇರತ್ತೆ. ಸೈನ್ ಕಾಸ್ ಟ್ಯಾನ್ ಮರೆತು ಹೋಗಿದೆ ಅಂತ ಹೆದರ್ಬೇಡಿ, ನಂಗೂ ಮರೆತಿತ್ತು, ಕಪಾಟಿಗೆ ಟ್ಯಾನ್ ಒಂದೇ ಗೊತ್ತಿದ್ರೂ ಮುಕ್ಕಾಲು ಕೆಲ್ಸ ಆಗತ್ತೆ, ಮೇಲೆ ಏರಿದ್ದು ಭಾಗಿಸು ಅಡ್ಡಕ್ಕೆ ಹೋಗಿದ್ದು.

ಫೈಂಡರೇ ತಗೊಳ್ಳೋದಾದ್ರೆ ಪಟ್ಟಿ ಉದ್ದ ಇರೋದು ತಗೊಳ್ಳಿ, 200 ಬೇಡ, 300ಕ್ಕೆ ಕಮ್ಮಿ ಇರ್ಬಾರ್ದು. ಡಬ್ಬಿ ಬಿಚ್ಚಿದ ದಿನಾನೇ 60 ಡಿಗ್ರಿ ಪರೀಕ್ಷೆ ಮಾಡಿ, ವಾಪಸ್ ಕೊಡೋ ಗಡುವು ಮುಗಿಯೋ ಮುಂಚೆ, ನನ್ನ ಥರ ತಿಂಗಳು ಬಿಟ್ಟಲ್ಲ. ಪಟ್ಟಿ ಮಡಚಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಝೀರೋ ಒತ್ತೋದು ಪ್ರತಿ ಸಲ ಮಾಡ್ಬೇಕು, ಮಧ್ಯೆ ಮರದ ಪುಡಿ ಸಿಕ್ಕಾಕ್ಕೊಂಡಿದ್ರೆ ಆ ಝೀರೋನೇ ತಪ್ಪು, ಮೊದಲು ಒರೆಸಿ. ಸ್ಕ್ರೂ ಬಿಗಿ ಮಾಡಿದ ಮೇಲೆ ಸ್ಕ್ರೀನ್ ಮತ್ತೆ ನೋಡಿ. ಕೆಲ್ಸ ಮುಗಿದ ಮೇಲೆ ಬ್ಯಾಟರಿ ತೆಗೆದಿಡಿ, ಅದರ ಮುಚ್ಚಳ ಪುಟಾಣಿ, ನಂದು ಮರದ ಪುಡಿ ಜೊತೆ ಗುಡಿಸಿ ಹೋಗಿ ಈಗ ಅಲ್ಲಿ ಟೇಪ್ ಅಂಟಿಸಿದೀನಿ.